ಕಾಲ್ಚೆಂಡಾಟದ ಸನ್ಯಾಸಿ: ಮಾರಿಸ್ಟ್ ಸಹೋದರ ವಾಲ್‌ಫ್ರಿಡ್

ಧರ್ಮಕೇಂದ್ರವೊಂದು ನೂರು ವರ್ಷಗಳನ್ನು ಪೂರೈಸಿದಾಗ, ಅದನ್ನು ಕಟ್ಟಿ ಬೆಳೆಸಿದ ಗುರುಗಳನ್ನೂ ಹಿರಿಯರನ್ನೂ ಕೃತಜ್ಞತೆಯಿಂದ ಸ್ಮರಿಸುವುದು ನಮ್ಮ ಸಂಪ್ರದಾಯ. ಆ ಹಿರಿಯರಲ್ಲಿ ಅನೇಕರು ಈ ನೆಲದಲ್ಲಿ ಹುಟ್ಟಿದವರಲ್ಲ. ರೈಲ್ವೆಯ ಕೆಲಸವನ್ನು ಅರಸಿ ಅರಸೀಕೆರೆಯ ಜಂಕ್ಷನ್ನಿಗೆ ಬಂದವರು ಕೆಲವರು. ಕಾಫಿ ತೋಟಗಳ ದುಡಿಮೆಗೆಂದು ಬೇಲೂರಿನ ಕಡೆಗೆ ಬಂದು ನೆಲೆಸಿದವರು ಮತ್ತೆ ಕೆಲವರು. ಹೊಟ್ಟೆಪಾಡಿಗಾಗಿ ಊರು ಬಿಟ್ಟವರು ತಮ್ಮ ವಿಶ್ವಾಸವನ್ನು ಮಾತ್ರ ಬಿಡಲಿಲ್ಲ. ದೂರದ ಸ್ಕಾಟ್‌ಲೆಂಡಿನಲ್ಲಿಯೂ ಇಂತಹುದೇ ಒಂದು ಬಡ ಸಮುದಾಯವಿತ್ತು. ಅದರ ಮಕ್ಕಳ ಹಸಿವನ್ನು ನೀಗಿಸುವುದಕ್ಕಾಗಿ ಒಬ್ಬ ಸನ್ಯಾಸಿ ಸಹೋದರರು ಕಾಲ್ಚೆಂಡಾಟದ ತಂಡವೊಂದನ್ನು ಕಟ್ಟಿದರು. ಆ ತಂಡವೇ ಇಂದು ಜಗತ್ತಿಗೆಲ್ಲ ಪರಿಚಿತವಾಗಿರುವ ಗ್ಲಾಸ್ಗೋ ನಗರದ ಸೆಲ್ಟಿಕ್ ಕ್ಲಬ್ಬು. ಅದರ ಮೂಲಪುರುಷರಾದ ಸಹೋದರ ವಾಲ್‌ಫ್ರಿಡ್ ಅವರ ಜೀವನವನ್ನು ನಮ್ಮ ಭಕ್ತಾದಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಜನನ ಮತ್ತು ಬಾಲ್ಯ

ಸಹೋದರ ವಾಲ್‌ಫ್ರಿಡ್ ಅವರ ಹುಟ್ಟುಹೆಸರು ಆಂಡ್ರ್ಯೂ ಕೆರಿನ್ಸ್. ಐರ್ಲೆಂಡಿನ ಪಶ್ಚಿಮಕ್ಕಿರುವ ಸ್ಲೈಗೋ ಪ್ರಾಂತದ ಬ್ಯಾಲಿಮೋಟ್ ಎಂಬ ಊರಿನ ಸಮೀಪದಲ್ಲಿ, 1840ರ ಮೇ 18ರಂದು, ಬಡ ಒಕ್ಕಲು ಮನೆತನದಲ್ಲಿ ಅವರು ಜನಿಸಿದರು. ತಂದೆ ಜಾನ್ ಕೆರಿನ್ಸ್, ತಾಯಿ ಎಲಿಜಬೆತ್. ಬಾಲಕನಿಗೆ ಐದು ವರ್ಷ ತುಂಬುವ ಹೊತ್ತಿಗೆ ಐರ್ಲೆಂಡನ್ನು ಮಹಾಕ್ಷಾಮವು ಆವರಿಸಿತು. ಅಲ್ಲಿನ ಬಡವರಿಗೆ ಆಲೂಗಡ್ಡೆಯೇ ನಿತ್ಯದ ಆಹಾರ. ನಮ್ಮ ಸೀಮೆಯಲ್ಲಿ ರಾಗಿ ಹೇಗೋ ಅವರಿಗೆ ಆಲೂಗಡ್ಡೆ ಹಾಗೆ. 1845ರಲ್ಲಿ ಆ ಬೆಳೆಗೆ ರೋಗ ತಗುಲಿ ಹೊಲದಲ್ಲಿಯೇ ಕೊಳೆತುಹೋಯಿತು. ಮುಂದಿನ ವರ್ಷಗಳಲ್ಲಿಯೂ ಅದೇ ಗತಿಯಾಯಿತು. 1852ರ ವೇಳೆಗೆ ಸುಮಾರು 10 ಲಕ್ಷ ಜನರು ಹಸಿವಿನಿಂದಲೂ ಜ್ವರಗಳಿಂದಲೂ ಮಡಿದರು. ಅಷ್ಟಕ್ಕೂ ಹೆಚ್ಚು ಜನರು ದೇಶಾಂತರ ಹೋದರು. ಸ್ಲೈಗೋ ಪ್ರಾಂತವು ತೀವ್ರವಾಗಿ ಬಾಧೆಗೊಳಗಾದ ಸೀಮೆಗಳಲ್ಲೊಂದು. ಹಸಿದ ಮಗುವಿನ ಮುಖ ಹೇಗಿರುತ್ತದೆಂಬುದನ್ನು ಆಂಡ್ರ್ಯೂ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

1855ರ ಸುಮಾರಿಗೆ, ಹದಿನೈದರ ಹರೆಯದಲ್ಲಿ, ಅವರು ಸಮುದ್ರ ದಾಟಿ ಗ್ಲಾಸ್ಗೋ ನಗರಕ್ಕೆ ಬಂದರು. ಕಲ್ಲಿದ್ದಲು ಸಾಗಿಸುವ ಹಡಗಿನಲ್ಲಿ ಅವರು ಪ್ರಯಾಣ ಮಾಡಿದರೆಂಬುದು ಪರಂಪರೆಯಾಗಿ ಬಂದ ಮಾತು. ಹಗಲು ರೈಲ್ವೆಯಲ್ಲಿ ದುಡಿಮೆ, ರಾತ್ರಿ ಶಾಲೆಯಲ್ಲಿ ವಿದ್ಯಾಭ್ಯಾಸ. ಹೀಗೆ ಅವರ ಯೌವನ ಕಳೆಯಿತು. ಆಗಿನ ಗ್ಲಾಸ್ಗೋ ನಗರವು ನೂಲಿನ ಗಿರಣಿಗಳಿಂದಲೂ ಹಡಗುಕಟ್ಟೆಗಳಿಂದಲೂ ಕಬ್ಬಿಣದ ಕುಲುಮೆಗಳಿಂದಲೂ ತುಂಬಿ ಸಿರಿವಂತವಾಗಿತ್ತು. ಆದರೆ ಅದರ ಪೂರ್ವ ಭಾಗದ ಕ್ಯಾಲ್ಟನ್, ಬ್ರಿಜ್‌ಟನ್, ಪಾರ್ಕ್‌ಹೆಡ್ ಕೇರಿಗಳಲ್ಲಿ ಐರಿಷ್ ವಲಸೆಗಾರರು ಇಕ್ಕಟ್ಟಾದ ಕೋಣೆಗಳಲ್ಲಿ ಕಿಕ್ಕಿರಿದು ಬಾಳುತ್ತಿದ್ದರು. ಅವರು ಪರದೇಶಿಗಳು, ಮೇಲಾಗಿ ಪ್ರೊಟೆಸ್ಟೆಂಟ್ ನಾಡಿನಲ್ಲಿ ಕಥೋಲಿಕರು. ಅತಿ ಕಷ್ಟದ, ಅತಿ ಕಡಿಮೆ ಕೂಲಿಯ ಕೆಲಸಗಳೇ ಅವರ ಪಾಲಿಗೆ ಬರುತ್ತಿದ್ದವು.

ದೈವಕರೆ ಮತ್ತು ವಿದ್ಯಾದಾನ

ಫ್ರಾನ್ಸ್ ದೇಶದ ಗುರುಗಳಾದ ಮಾರ್ಸೆಲಿನ್ ಶಾಂಪಾನ್ಯಾ ಅವರು 1817ರಲ್ಲಿ ಮಾರಿಸ್ಟ್ ಸಹೋದರರ ಸಭೆಯನ್ನು ಸ್ಥಾಪಿಸಿದ್ದರು. ಹಳ್ಳಿಗಾಡಿನ ಮಕ್ಕಳು ಅಕ್ಷರವನ್ನಾಗಲಿ ಜ್ಞಾನೋಪದೇಶವನ್ನಾಗಲಿ ಅರಿಯದೆ ಬೆಳೆಯುತ್ತಿದ್ದುದನ್ನು ಕಂಡು ಮರುಗಿದ ಆ ಗುರುಗಳು, ಮಾತೆ ಮರಿಯಮ್ಮನವರ ಹೆಸರಿನಲ್ಲಿ ಶಿಕ್ಷಕ ಸಹೋದರರ ಸಂಘವನ್ನು ಕಟ್ಟಿದರು. 1999ರಲ್ಲಿ ಧರ್ಮಸಭೆಯು ಅವರನ್ನು ಸಂತರೆಂದು ಘೋಷಿಸಿತು. ಈ ಸಭೆಯ ಸಹೋದರರು 1858ರಲ್ಲಿ ಗ್ಲಾಸ್ಗೋ ನಗರಕ್ಕೆ ಬಂದು ಬಡಮಕ್ಕಳಿಗಾಗಿ ಶಾಲೆಗಳನ್ನು ನಡೆಸತೊಡಗಿದ್ದರು. ಇವರ ತ್ಯಾಗಮಯ ಜೀವನದಿಂದ ಆಕರ್ಷಿತರಾದ ಆಂಡ್ರ್ಯೂ ಕೆರಿನ್ಸ್ 1864ರಲ್ಲಿ, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಆ ಸಭೆಯನ್ನು ಸೇರಿದರು. ಫ್ರಾನ್ಸಿನ ಬೋಕಾಂ ಎಂಬಲ್ಲಿ ತರಬೇತಿ ಪಡೆದು ವ್ರತಗಳನ್ನು ಸ್ವೀಕರಿಸಿದರು. ಅಂದಿನಿಂದ ಅವರು ತಮ್ಮ ಹುಟ್ಟುಹೆಸರನ್ನು ತೊರೆದು, ಇಟಲಿಯ ಮಠಾಧಿಪತಿಯಾಗಿದ್ದ ಸಂತರೊಬ್ಬರ ಹೆಸರನ್ನು ಧರಿಸಿ, ಸಹೋದರ ವಾಲ್‌ಫ್ರಿಡ್ ಆದರು.

ತರಬೇತಿಯ ನಂತರ ಗ್ಲಾಸ್ಗೋ ನಗರಕ್ಕೆ ಹಿಂದಿರುಗಿ, ಕ್ಯಾಲ್ಟನ್ನಿನ ಸಂತ ಮರಿಯ ಶಾಲೆಯಲ್ಲಿ ಉಪಾಧ್ಯಾಯರಾದರು. 1874ರಲ್ಲಿ ಬ್ರಿಜ್‌ಟನ್ನಿನ ಪವಿತ್ರ ಹೃದಯ ಶಾಲೆಯ ಮುಖ್ಯೋಪಾಧ್ಯಾಯರಾಗಿ ನೇಮಕಗೊಂಡರು. ಅಂದು ಸ್ಕಾಟ್‌ಲೆಂಡಿನ ಕಥೋಲಿಕ ಶಾಲೆಗಳ ಸ್ಥಿತಿ ಶೋಚನೀಯವಾಗಿತ್ತು. 1872ರ ಶಿಕ್ಷಣ ಕಾಯಿದೆಯಂತೆ ಸಾರ್ವಜನಿಕ ಶಾಲೆಗಳಿಗೆ ಸ್ಥಳೀಯ ತೆರಿಗೆಯ ಹಣ ದೊರೆಯುತ್ತಿತ್ತು. ಧಾರ್ಮಿಕ ಶಿಕ್ಷಣವನ್ನು ಬಿಟ್ಟುಕೊಡಲೊಪ್ಪದ ಕಥೋಲಿಕರ ಶಾಲೆಗಳು 1918ರ ತನಕ ಆ ವ್ಯವಸ್ಥೆಯ ಹೊರಗೇ ಉಳಿದಿದ್ದವು. ಕೂಲಿಕಾರರು ಕೊಡುತ್ತಿದ್ದ ಕಾಸಿನಿಂದಲೇ ಅವು ನಡೆಯಬೇಕಾಗಿತ್ತು.

ಒಂದು ಪೆನ್ನಿಯ ಊಟ

ಮುಖ್ಯೋಪಾಧ್ಯಾಯರಿಗೆ ಎದುರಾದ ಮೊದಲ ಕಷ್ಟವು ಪಾಠದ್ದಲ್ಲ, ಹಸಿವಿನದು. ಬರಿಹೊಟ್ಟೆಯಲ್ಲಿ ಬಂದ ಮಗುವಿಗೆ ಪಾಠ ಹತ್ತುತ್ತಿರಲಿಲ್ಲ. ಅನೇಕ ಮಕ್ಕಳು ಶಾಲೆಗೇ ಬರುತ್ತಿರಲಿಲ್ಲ. ಇನ್ನೊಂದು ಆತಂಕವೂ ಇತ್ತು. ಆ ಕೇರಿಗಳಲ್ಲಿ ಬೇರೆ ಮತದ ಧರ್ಮಪ್ರಚಾರಕರು ಬಡವರಿಗೆ ಗಂಜಿಯನ್ನು ಹಂಚುತ್ತಿದ್ದರು. ಒಂದು ಬಟ್ಟಲು ಗಂಜಿಗಾಗಿ ಮಕ್ಕಳು ವಿಶ್ವಾಸವನ್ನು ಕಳೆದುಕೊಂಡಾರೆಂಬ ಭಯ ಐರಿಷ್ ತಾಯಿತಂದೆಯರಲ್ಲಿ ಕ್ಷಾಮದ ಕಾಲದಿಂದಲೂ ಬೇರೂರಿತ್ತು.

ಇದನ್ನರಿತ ಸಹೋದರ ವಾಲ್‌ಫ್ರಿಡ್, ಸಂತ ಮರಿಯ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಸಹೋದರ ಡೊರೊತಿಯಸ್ ಅವರೊಡಗೂಡಿ, ಸಂತ ವಿನ್ಸೆಂಟ್ ಡಿ ಪೌಲ್ ಸಭೆಯ ನೆರವಿನಿಂದ 1884ರಲ್ಲಿ ಬಡಮಕ್ಕಳ ಊಟದ ಮೇಜು ಎಂಬ ಕಾರ್ಯವನ್ನು ಪ್ರಾರಂಭಿಸಿದರು. ಒಂದು ಪೆನ್ನಿ ಕೊಟ್ಟ ಮಗುವಿಗೆ ಬಿಸಿಯಾದ ಊಟ. ರೊಟ್ಟಿಯನ್ನು ಮನೆಯಿಂದ ತಂದರೆ ಅರ್ಧ ಪೆನ್ನಿಗೆ ದೊಡ್ಡ ಬಟ್ಟಲಿನ ತುಂಬ ಸಾರು. ಕಾಸು ಕೇಳಿದುದು ಲಾಭಕ್ಕಲ್ಲ. ಭಿಕ್ಷೆ ತಿಂದೆನೆಂಬ ಸಂಕೋಚವು ಮಗುವನ್ನು ಕಾಡಬಾರದೆಂಬುದೇ ಅದರ ಮರ್ಮ. ಏನೂ ಇಲ್ಲದವರನ್ನು ಅವರು ಹಿಂದಕ್ಕೆ ಕಳುಹಿಸಲೂ ಇಲ್ಲ. ನಮ್ಮ ರಾಜ್ಯದಲ್ಲಿ ಸರ್ಕಾರವು 2002ರಲ್ಲಿ ಆರಂಭಿಸಿದ ಬಿಸಿಯೂಟದ ಯೋಜನೆಯನ್ನು ಬಲ್ಲ ನಮಗೆ, ಒಬ್ಬ ಬಡ ಸನ್ಯಾಸಿ ಅದೇ ಚಿಂತನೆಯನ್ನು ಸುಮಾರು 120 ವರ್ಷಗಳ ಹಿಂದೆ ಕೈಗೊಂಡಿದ್ದರೆಂಬುದು ವಿಸ್ಮಯವನ್ನುಂಟುಮಾಡುತ್ತದೆ.

ಆದರೆ ಊಟಕ್ಕೆ ಹಣ ಬೇಕು. ದಾನ ಕೊಡುವವರೂ ಬಡವರೇ ಆಗಿದ್ದುದರಿಂದ ನಿಧಿಯು ಬೇಗನೆ ಬರಿದಾಗುತ್ತಿತ್ತು. ಆ ಕಾಲದಲ್ಲಿ ಸ್ಕಾಟ್‌ಲೆಂಡಿನ ದುಡಿಯುವ ಜನರಿಗೆ ಕಾಲ್ಚೆಂಡಾಟದ ಹುಚ್ಚು ಹತ್ತಿತ್ತು. ಶನಿವಾರ ಮಧ್ಯಾಹ್ನ ಗಿರಣಿ ಮುಚ್ಚಿದೊಡನೆ ಸಾವಿರಾರು ಜನ ಮೈದಾನಕ್ಕೆ ಧಾವಿಸುತ್ತಿದ್ದರು. ಸಹೋದರರು ಹೆಸರಾಂತ ತಂಡಗಳನ್ನು ಕರೆಸಿ ಊಟದ ಮೇಜಿನ ಸಹಾಯಾರ್ಥ ಪಂದ್ಯಗಳನ್ನು ಆಡಿಸಿದರು. ಪ್ರವೇಶಧನವಾಗಿ ಬಂದ ಕಾಸುಗಳು ಮಕ್ಕಳ ಬಟ್ಟಲನ್ನು ತುಂಬಿದವು.

ಸೆಲ್ಟಿಕ್ ತಂಡದ ಉದಯ

ಎಡಿನ್‌ಬರೋ ನಗರದ ಸಂತ ಪ್ಯಾಟ್ರಿಕ್ ಧರ್ಮಕೇಂದ್ರದ ಗುರುಗಳಾದ ಎಡ್ವರ್ಡ್ ಹ್ಯಾನನ್ ಅವರು 1875ರಲ್ಲಿಯೇ ಐರಿಷ್ ಯುವಕರಿಗಾಗಿ ಹೈಬರ್ನಿಯನ್ ಎಂಬ ತಂಡವನ್ನು ಕಟ್ಟಿದ್ದರು. ಆ ತಂಡವು 1887ರಲ್ಲಿ ಸ್ಕಾಟಿಷ್ ಕಪ್ಪನ್ನು ಗೆದ್ದಿತು. ವಿಜಯದ ಔತಣವು ಕ್ಯಾಲ್ಟನ್ನಿನ ಸಂತ ಮರಿಯ ಸಭಾಂಗಣದಲ್ಲಿ ನಡೆಯಿತು. ಗ್ಲಾಸ್ಗೋ ನಗರದ ಕಥೋಲಿಕರೂ ಇಂತಹ ತಂಡವೊಂದನ್ನು ಕಟ್ಟಬಾರದೇಕೆಂದು ಅತಿಥಿಗಳು ಪ್ರೋತ್ಸಾಹಿಸಿದರು. ಆ ಮಾತು ಸಹೋದರ ವಾಲ್‌ಫ್ರಿಡ್ ಅವರ ಮನಸ್ಸಿನಲ್ಲಿ ಬೀಜದಂತೆ ಬಿದ್ದಿತು.

1887ರ ನವೆಂಬರ್ 6, ಭಾನುವಾರ, ಅದೇ ಸಂತ ಮರಿಯ ಸಭಾಂಗಣದಲ್ಲಿ ಮೂರು ಧರ್ಮಕೇಂದ್ರಗಳ ಪ್ರಮುಖರು ಸಭೆ ಸೇರಿ ಹೊಸ ಕ್ಲಬ್ಬನ್ನು ಸ್ಥಾಪಿಸಿದರು. ಐರಿಷ್ ಹೆಸರೊಂದನ್ನು ಇಡಬೇಕೆಂದು ಕೆಲವರು ಬಯಸಿದ್ದರು. ಸಹೋದರರಾದರೋ ಸೆಲ್ಟಿಕ್ ಎಂಬ ಹೆಸರನ್ನು ಸೂಚಿಸಿದರು. ಸೆಲ್ಟ್ ಎಂಬುದು ಐರಿಷರಿಗೂ ಸ್ಕಾಟರಿಗೂ ಸಮಾನವಾದ ಪೂರ್ವಜರ ಹೆಸರು. ವಲಸೆ ಬಂದವರನ್ನೂ ಬರಮಾಡಿಕೊಂಡ ನಾಡನ್ನೂ ಒಂದೇ ಹೆಸರಿನಲ್ಲಿ ಕೂಡಿಸುವ ದೂರದೃಷ್ಟಿ ಅದರಲ್ಲಿತ್ತು. ಹೈಬರ್ನಿಯನ್ ತಂಡದಲ್ಲಿ ಕಥೋಲಿಕರಿಗೆ ಮಾತ್ರ ಪ್ರವೇಶವಿದ್ದರೆ, ಸೆಲ್ಟಿಕ್ ತಂಡದ ಬಾಗಿಲು ಎಲ್ಲರಿಗೂ ತೆರೆದಿತ್ತು. 1888ರ ಜನವರಿಯಲ್ಲಿ ಹೊರಡಿಸಿದ ಮನವಿಪತ್ರದಲ್ಲಿ, ಸಂತ ಮರಿಯ, ಪವಿತ್ರ ಹೃದಯ ಮತ್ತು ಸಂತ ಮಿಕಾಯೇಲರ ಧರ್ಮಕೇಂದ್ರಗಳ ಬಡಮಕ್ಕಳ ಊಟಕ್ಕೆ ಹಣ ಒದಗಿಸುವುದೇ ಕ್ಲಬ್ಬಿನ ಮುಖ್ಯ ಉದ್ದೇಶವೆಂದು ಸ್ಪಷ್ಟಪಡಿಸಲಾಯಿತು. ಮಹಾಧರ್ಮಾಧ್ಯಕ್ಷರಾದ ಚಾರ್ಲ್ಸ್ ಐರ್ ಅವರು ಪೋಷಕರಾಗಲು ಒಪ್ಪಿದರು.

ಒಂದು ಸ್ಮಶಾನದ ಪಕ್ಕದಲ್ಲಿದ್ದ ಸುಮಾರು 6 ಎಕರೆ ಬಯಲನ್ನು ವರ್ಷಕ್ಕೆ 50 ಪೌಂಡಿನ ಬಾಡಿಗೆಗೆ ಪಡೆದರು. ಗಿರಣಿಯ ಕೆಲಸ ಮುಗಿಸಿ ಬಂದ ಧರ್ಮಕೇಂದ್ರದ ಗಂಡಸರು ಕೂಲಿ ಪಡೆಯದೆ ನೆಲವನ್ನು ಸಮತಟ್ಟು ಮಾಡಿ, ಮಣ್ಣಿನ ದಿಬ್ಬಗಳನ್ನೂ ಪ್ರೇಕ್ಷಕರ ಮಂಟಪವನ್ನೂ ಆರು ತಿಂಗಳಲ್ಲಿ ಸಿದ್ಧಪಡಿಸಿದರು. ಶ್ರಮದಾನದಿಂದ ದೇವಾಲಯಗಳನ್ನು ಕಟ್ಟಿಕೊಂಡ ನಮ್ಮ ಹಿರಿಯರಿಗೆ ಈ ಸಂಗತಿ ಹೊಸದೆನಿಸಲಾರದು.

ಆಟಗಾರರನ್ನು ಕೂಡಿಸುವ ಕಾರ್ಯದಲ್ಲಿಯೂ ಸಹೋದರರು ಸ್ವತಃ ತೊಡಗಿದರು. 1887ರ ಡಿಸೆಂಬರಿನಲ್ಲಿ ಅವರು ಸಂಗಡಿಗರೊಂದಿಗೆ ಟಾಮ್ ಮೇಲಿ ಎಂಬ ಆಟಗಾರನನ್ನು ಹುಡುಕಿಕೊಂಡು ಅವನ ಮನೆಗೆ ಹೋದರು. ಟಾಮ್ ಮನೆಯಲ್ಲಿರಲಿಲ್ಲ. ಬಾಗಿಲಲ್ಲಿ ಎದುರಾದ ತಮ್ಮ ವಿಲ್ಲಿ ಮೇಲಿಯನ್ನು ಕಂಡು, ನೀನೂ ಬಾರೆಂದು ಸಹೋದರರು ಕರೆದರು. ಹೀಗೆ ಆಕಸ್ಮಿಕವಾಗಿ ಬಂದ ಆ ಯುವಕನೇ ಮುಂದೆ 1897ರಿಂದ 1940ರವರೆಗೆ ತಂಡದ ಮೇಲ್ವಿಚಾರಣೆಯನ್ನು ನಿರ್ವಹಿಸಿ ಕೀರ್ತಿ ಪಡೆದನು.

1888ರ ಮೇ 28ರ ಸಂಜೆ, ಸುಮಾರು 2,000 ಪ್ರೇಕ್ಷಕರ ಸಮ್ಮುಖದಲ್ಲಿ, ಸೆಲ್ಟಿಕ್ ತನ್ನ ಪ್ರಥಮ ಪಂದ್ಯವನ್ನಾಡಿ ರೇಂಜರ್ಸ್ ತಂಡವನ್ನು 5-2 ಗೋಲುಗಳಿಂದ ಸೋಲಿಸಿತು. ಪಂದ್ಯದ ನಂತರ ಉಭಯ ತಂಡಗಳ ಆಟಗಾರರೂ ಸಂತ ಮರಿಯ ಸಭಾಂಗಣದಲ್ಲಿ ಒಟ್ಟಿಗೆ ಊಟ ಮಾಡಿ, ಹಾಡು ಹಸೆಗಳಲ್ಲಿ ಕಾಲ ಕಳೆದರು. ಮುಂದೆ ಈ ಎರಡು ತಂಡಗಳ ಪೈಪೋಟಿಯು ಮತದ್ವೇಷದ ಬಣ್ಣ ಪಡೆದು ಹಲವು ಬಾರಿ ಹೊಡೆದಾಟಕ್ಕೂ ಎಡೆಮಾಡಿದುದನ್ನು ನೆನೆದಾಗ, ಆ ಮೊದಲ ರಾತ್ರಿಯ ಸಹಭೋಜನವು ಮನಸ್ಸನ್ನು ಕಲಕುತ್ತದೆ.

ಯಶಸ್ಸು ಮತ್ತು ಅದರ ಬೆಲೆ

ತಂಡವು ಮೊದಲ ವರ್ಷವೇ ಸ್ಕಾಟಿಷ್ ಕಪ್ಪಿನ ಅಂತಿಮ ಪಂದ್ಯವನ್ನು ತಲುಪಿತು. 1892ರಲ್ಲಿ ಕ್ವೀನ್ಸ್ ಪಾರ್ಕ್ ತಂಡವನ್ನು 5-1 ಗೋಲುಗಳಿಂದ ಸೋಲಿಸಿ ಆ ಕಪ್ಪನ್ನು ಗೆದ್ದುಕೊಂಡಿತು. ಬಡವರ ಕೇರಿಗಳಲ್ಲಿ ಅಂದು ಹಬ್ಬದ ವಾತಾವರಣ. ತಿರಸ್ಕಾರವನ್ನೇ ಉಂಡಿದ್ದ ಜನರು ಪ್ರಥಮ ಬಾರಿಗೆ ತಲೆಯೆತ್ತಿ ನಡೆದರು.

ಆದರೆ ಈ ಯಶಸ್ಸಿನ ಇನ್ನೊಂದು ಮುಖವನ್ನೂ ಮರೆಮಾಚಲಾಗದು. ಉತ್ತಮ ಆಟಗಾರರಿದ್ದರೆ ಮಾತ್ರ ಜನ ಸೇರುವರು, ಜನ ಸೇರಿದರೆ ಮಾತ್ರ ಊಟಕ್ಕೆ ಹಣ ಸಿಗುವುದು. ಈ ತರ್ಕವನ್ನು ಹಿಡಿದು ಕ್ಲಬ್ಬಿನ ಮುಖಂಡರು ಇತರ ತಂಡಗಳ ಆಟಗಾರರನ್ನು ಸೆಳೆದರು. ವಿಲ್ಲಿ ಗ್ರೋವ್ಸ್ ಮೊದಲಾದವರು ಹೈಬರ್ನಿಯನ್ ತಂಡವನ್ನು ಬಿಟ್ಟು ಬಂದರು. ದಾರಿ ತೋರಿಸಿದ ಆ ಹಿರಿಯ ತಂಡವು ಇದರಿಂದ ಜರ್ಝರಿತವಾಗಿ 1891ರಲ್ಲಿ ಕೆಲಕಾಲ ಆಟವನ್ನೇ ನಿಲ್ಲಿಸಬೇಕಾಯಿತು. ಸ್ಕಾಟ್‌ಲೆಂಡಿನಲ್ಲಿ ಹಣಕ್ಕಾಗಿ ಆಡುವುದು 1893ರವರೆಗೂ ನಿಷಿದ್ಧವಾಗಿದ್ದರೂ, ಒಳಗಿಂದೊಳಗೆ ಹಣ ಕೊಡುವುದು ಅನೇಕ ಕ್ಲಬ್ಬುಗಳ ರೂಢಿಯಾಗಿತ್ತು. ಸೆಲ್ಟಿಕ್ ಸಹ ಅದಕ್ಕೆ ಹೊರತಾಗಿರಲಿಲ್ಲ. ಬಡತನದ ವ್ರತ ಕೈಗೊಂಡ ಸನ್ಯಾಸಿಯು ಕಟ್ಟಿದ ಸಂಸ್ಥೆಯೊಳಗೆ ಧನದ ಲೆಕ್ಕಾಚಾರವು ಹೀಗೆ ಕಾಲಿಟ್ಟಿತು.

ಕ್ಲಬ್ಬಿನ ಏಳಿಗೆಯನ್ನು ಕಂಡು ಜಮೀನಿನ ಒಡೆಯರು ಬಾಡಿಗೆಯನ್ನು 50 ಪೌಂಡಿನಿಂದ 450 ಪೌಂಡಿಗೆ ಏರಿಸಿದರು. ಆಗ ಸದಸ್ಯರು ಹತ್ತಿರದಲ್ಲಿದ್ದ, ಇಟ್ಟಿಗೆಗಾಗಿ ಮಣ್ಣು ತೆಗೆದು ಹಳ್ಳಬಿದ್ದಿದ್ದ ಜಾಗವನ್ನು ತುಂಬಿಸಿ ಹೊಸ ಮೈದಾನವನ್ನು ರೂಪಿಸಿದರು. 1892ರಲ್ಲಿ ಐರಿಷ್ ರೈತರ ನಾಯಕರಾದ ಮೈಕೇಲ್ ಡೇವಿಟ್ ಅವರು ಐರ್ಲೆಂಡಿನಿಂದ ತಂದ ಹುಲ್ಲುಹೆಂಟೆಯನ್ನು ಅಲ್ಲಿ ನೆಟ್ಟರು. ಇಂದಿಗೂ ತಂಡವು ಆಡುತ್ತಿರುವುದು ಅದೇ ಸ್ಥಳದಲ್ಲಿ.

ವಿಧೇಯತೆಯ ಕರೆ

1892ರಲ್ಲಿಯೇ, ತಂಡವು ಕೀರ್ತಿಯ ಶಿಖರವನ್ನೇರುತ್ತಿದ್ದಾಗ, ಸಹೋದರ ವಾಲ್‌ಫ್ರಿಡ್ ಅವರಿಗೆ ಲಂಡನ್ ನಗರಕ್ಕೆ ಹೋಗುವಂತೆ ಮೇಲಧಿಕಾರಿಗಳ ಆಜ್ಞೆ ಬಂದಿತು. ವಿಧೇಯತೆಯ ವ್ರತವನ್ನು ಕೈಗೊಂಡಿದ್ದ ಅವರು, ತಾವು ಕಟ್ಟಿದುದನ್ನೆಲ್ಲ ಬಿಟ್ಟು ಹೊರಟರು. ಅದರಲ್ಲಿ ಅವರಿಗೆ ಪಾಲಿರಲಿಲ್ಲ, ಪದವಿಯಿರಲಿಲ್ಲ, ಒಂದು ಕಾಸಿನ ಪ್ರತಿಫಲವೂ ಇರಲಿಲ್ಲ. ಲಂಡನ್ನಿನ ಪೂರ್ವ ಭಾಗದ ಬಡ ಕೇರಿಗಳಲ್ಲಿ ಅವರು ಹಿಂದಿನಂತೆಯೇ ಬರಿಗಾಲಿನ ಹುಡುಗರನ್ನು ಕೂಡಿಸಿ ಕಾಲ್ಚೆಂಡಾಟವನ್ನು ಏರ್ಪಡಿಸಿದರು.

ಅವರು ತೆರಳಿದ ತರುವಾಯ ಕ್ಲಬ್ಬಿನೊಳಗೆ ವಾದವಿವಾದಗಳು ಬೆಳೆದವು. ಧರ್ಮಕಾರ್ಯವೇ ಮೊದಲೆಂದು ಕೆಲವರು, ವ್ಯವಹಾರವಿಲ್ಲದೆ ಕ್ಲಬ್ಬು ಉಳಿಯದೆಂದು ಹಲವರು. ಕಡೆಗೆ 1897ರಲ್ಲಿ ಸೆಲ್ಟಿಕ್ ಒಂದು ಲಿಮಿಟೆಡ್ ಕಂಪನಿಯಾಯಿತು. ಷೇರುದಾರರಿಗೆ ಲಾಭಾಂಶ ದೊರೆಯತೊಡಗಿತು. ಊಟದ ಮೇಜಿಗೆ ಹೋಗುತ್ತಿದ್ದ ಹಣ ಕ್ಷೀಣಿಸಿತು. ಮಕ್ಕಳ ಹಸಿವಿಗಾಗಿ ಹುಟ್ಟಿದ ಸಂಸ್ಥೆಯು ಹತ್ತು ವರ್ಷಗಳಲ್ಲಿ ಆ ಮಕ್ಕಳಿಂದ ದೂರ ಸರಿದಿತ್ತು. ಆದರೂ ಸಹೋದರರು ತಮ್ಮ ಹಳೆಯ ಗೆಳೆಯರನ್ನು ಪ್ರೀತಿಯಿಂದಲೇ ಕಂಡರು. 1911ರಲ್ಲಿ ಯೂರೋಪಿನ ಪ್ರವಾಸದಿಂದ ಮರಳುತ್ತಿದ್ದ ತಂಡವನ್ನು ಲಂಡನ್ನಿನಲ್ಲಿ ಭೇಟಿಯಾಗಿ, ಹಳೆಯ ದಿನಗಳನ್ನು ನೆನೆದು ಹರ್ಷಪಟ್ಟರು.

ಇಳಿವಯಸ್ಸಿನಲ್ಲಿ ಅವರು ಸ್ಕಾಟ್‌ಲೆಂಡಿನ ಡಂಫ್ರೀಸ್ ಊರಿನಲ್ಲಿದ್ದ ತಮ್ಮ ಸಭೆಯ ಮನೆಯಲ್ಲಿ ವಿಶ್ರಾಂತಿ ಪಡೆದು, 1915ರ ಏಪ್ರಿಲ್ 17ರಂದು, 74ನೆಯ ವಯಸ್ಸಿನಲ್ಲಿ ದೈವಾಧೀನರಾದರು. ಅಲ್ಲಿನ ಸಹೋದರರ ಸ್ಮಶಾನದಲ್ಲಿ ಅವರ ದೇಹವನ್ನು ಭೂಸ್ಥಾಪನೆ ಮಾಡಲಾಯಿತು.

ಬಿತ್ತಿದ ಬೀಜದ ಫಲ

ಅವರ ಬಿತ್ತನೆ ವ್ಯರ್ಥವಾಗಲಿಲ್ಲ. 1936ರಲ್ಲಿ ನಮ್ಮ ದೇಶದ ಕಲ್ಕತ್ತೆಯ ಮಹಮದ್ ಸಲೀಂ ಎಂಬ ಆಟಗಾರರು ಗ್ಲಾಸ್ಗೋ ನಗರಕ್ಕೆ ಹೋಗಿ, ಬೂಟು ತೊಡದೆ ಪಾದಗಳಿಗೆ ಬಟ್ಟೆ ಸುತ್ತಿಕೊಂಡು ಸೆಲ್ಟಿಕ್ ಪರವಾಗಿ ಎರಡು ಪಂದ್ಯಗಳನ್ನಾಡಿ ಜನರನ್ನು ಬೆರಗುಗೊಳಿಸಿದರು. ಅವರನ್ನು ಆಡಲು ಒಪ್ಪಿದವರು, ಹಿಂದೊಮ್ಮೆ ಸಹೋದರರು ಬಾಗಿಲಲ್ಲಿ ಕಂಡು ಕರೆದಿದ್ದ ಅದೇ ವಿಲ್ಲಿ ಮೇಲಿ. ಸಹಾಯಾರ್ಥ ಪಂದ್ಯವೊಂದರಿಂದ ತಮ್ಮ ಪಾಲಿಗೆ ಬಂದ ಹಣವನ್ನು ಸಲೀಂ ಅವರು ಅಲ್ಲಿನ ಅನಾಥ ಮಕ್ಕಳಿಗೆ ಬಿಟ್ಟುಕೊಟ್ಟರೆಂದು ಹೇಳಲಾಗುತ್ತದೆ. ಹಿಂದೂ ದೇಶದ ಮುಸಲ್ಮಾನ ಬಂಧುವೊಬ್ಬರು, ಕಥೋಲಿಕ ಸನ್ಯಾಸಿಯ ಮೂಲ ಸಂಕಲ್ಪವನ್ನು ತಿಳಿದೋ ತಿಳಿಯದೆಯೋ ನೆರವೇರಿಸಿದುದು ದೈವಚಿತ್ತವಲ್ಲದೆ ಮತ್ತೇನು? ಮರುವರ್ಷ, 1937ರಲ್ಲಿ, ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವೆನಿಸಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಬಹುಮಂದಿ ಬರಿಗಾಲಿನಲ್ಲಿಯೇ ಆಡಿದ ಭಾರತ ತಂಡದ ಪರವಾಗಿ ಫ್ರಾನ್ಸಿನ ವಿರುದ್ಧ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಬಡವರ ಆಟವಾದ ಕಾಲ್ಚೆಂಡು ಎಲ್ಲ ನಾಡುಗಳಲ್ಲಿಯೂ ಬಡವರ ಮಕ್ಕಳನ್ನು ಮೇಲಕ್ಕೆತ್ತಿದೆ.

1967ರ ಮೇ 25ರಂದು ಲಿಸ್ಬನ್ನಿನಲ್ಲಿ ಸೆಲ್ಟಿಕ್ ತಂಡವು ಇಟಲಿಯ ಇಂಟರ್ ಮಿಲಾನನ್ನು 2-1 ಗೋಲುಗಳಿಂದ ಸೋಲಿಸಿ ಯೂರೋಪಿಯನ್ ಕಪ್ಪನ್ನು ಪಡೆಯಿತು. ಆ ಆಟಗಾರರೆಲ್ಲರೂ ಗ್ಲಾಸ್ಗೋ ಸುತ್ತಮುತ್ತಣ 30 ಮೈಲಿಯೊಳಗೆ ಹುಟ್ಟಿದವರು. ತರಬೇತಿ ನೀಡಿದ ಜಾಕ್ ಸ್ಟೀನ್ ಪ್ರೊಟೆಸ್ಟೆಂಟ್ ಮನೆತನದವರು. ಎಲ್ಲರಿಗೂ ತೆರೆದಿಟ್ಟ ಬಾಗಿಲಿನಿಂದ ಬಂದ ಫಲವಿದು. 1995ರಲ್ಲಿ ಕ್ಲಬ್ಬು ತನ್ನ ಹುಟ್ಟಿನ ಉದ್ದೇಶವನ್ನು ನೆನಪಿಸಿಕೊಂಡು ದಾನನಿಧಿಯೊಂದನ್ನು ಪುನಃ ಸ್ಥಾಪಿಸಿತು. 2005ರಲ್ಲಿ ಅಭಿಮಾನಿಗಳು ಮೈದಾನದ ಮುಂದೆ ಸಹೋದರ ವಾಲ್‌ಫ್ರಿಡ್ ಅವರ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು.

ನಮ್ಮ ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರನ್ನು ಕೆತ್ತಿರುವುದನ್ನು ನಾವೆಲ್ಲ ನೋಡಿದ್ದೇವೆ. ಕಲೆಗಾರನಿಗೆ ಆ ಅಭಿಮಾನ ಸಹಜವಾದುದು. ಸಹೋದರ ವಾಲ್‌ಫ್ರಿಡ್ ಅವರಾದರೋ ಹುಟ್ಟಿದ ಹೆಸರನ್ನೂ ದೇವರಿಗೆ ಒಪ್ಪಿಸಿದ್ದರು. ಕಟ್ಟಿದ ಕೆಲಸದ ಮೇಲೆ ಯಾವ ಗುರುತನ್ನೂ ಉಳಿಸದೆ ಹೊರಟಿದ್ದರು. ಅವರು ನಿಧನರಾಗಿ 90 ವರ್ಷಗಳ ಮೇಲೆ ಜನರೇ ಅವರ ಹೆಸರನ್ನು ಕಲ್ಲಿನಲ್ಲಿ ಬರೆಸಿದರು.

ಶತಮಾನವನ್ನು ಕಂಡ ಯಾವ ಸಂಸ್ಥೆಯೂ ಈ ಜೀವನದಿಂದ ಪಾಠ ಕಲಿಯಬಹುದು. ಕಟ್ಟಡ ದೊಡ್ಡದಾದಂತೆ, ನಿಧಿ ಬೆಳೆದಂತೆ, ಯಾರಿಗಾಗಿ ಇದನ್ನು ಆರಂಭಿಸಿದೆವೆಂಬುದು ಮರೆಯುವ ಅಪಾಯವುಂಟು. ನಮ್ಮ ಧರ್ಮಕೇಂದ್ರವು ಎರಡನೆಯ ಶತಮಾನಕ್ಕೆ ಕಾಲಿಡುವ ಈ ವೇಳೆಯಲ್ಲಿ, ಹಸಿದು ಶಾಲೆಗೆ ಬರುವ ಮಗು ನಮ್ಮ ಕೇರಿಯಲ್ಲಿ ಇಂದಿಗೂ ಇದೆಯೇ ಎಂದು ನಾವು ನೋಡಬೇಕು. ಇದ್ದರೆ, ಆ ಮಗುವಿನ ಬಟ್ಟಲನ್ನು ತುಂಬುವುದೇ ನಮ್ಮ ಉತ್ಸವದ ಮೊದಲ ಕಾರ್ಯವಾಗಲಿ. ಇದಕ್ಕೆ ಬೇಕಾದ ಮನಸ್ಸನ್ನು ಪ್ರಭು ಯೇಸುಸ್ವಾಮಿಯು ಮಾತೆ ಮರಿಯಮ್ಮನವರ ಬಿನ್ನಹದ ಮೂಲಕ ನಮಗೆಲ್ಲರಿಗೂ ದಯಪಾಲಿಸಲಿ.